ನೀರು ಸೋಕಬಾರದ ಹಂಡೆ

ಬಾಗಿಲ ಮುಂದೆ ನೀರು ಚೆಲ್ಲಲು ಪುಟ್ಟಲಕ್ಷ್ಮಿ ಚೊಂಬು ಎತ್ತಿದ್ದಳಷ್ಟೆ, ಒಳಗಿನಿಂದ ಗಂಡ ಜಗನ್ನಾಥ ಕೂಗಿಕೊಂಡ.

“ಏಯ್, ಏಯ್! ನೀರು ಹಾಕ್ಬೇಡ ಕಣೇ! ಅಲ್ಲೇ ನಿಲ್ಲು!”

ಅವಳು ಅಲ್ಲೇ ನಿಂತಳು. ಕೆಳಗೆ ನೋಡಿದರೆ ಅಂಗಳದ ಚಪ್ಪಡಿಕಲ್ಲಿನ ಮೇಲೆ ಬೆಳ್ಳಗೆ ಏನೋ ಬರೆದಿತ್ತು. ಅವಳು ಬೀದಿ ನಲ್ಲಿಯಿಂದ ನೀರು ಹಿಡಿದು ತರುವಷ್ಟರಲ್ಲಿ ಜಗನ್ನಾಥ ಅವಳದೇ ರಂಗೋಲಿ ಡಬ್ಬಿಯನ್ನು ಬರಿದು ಮಾಡಿ ಅಲ್ಲೊಂದು ನಕ್ಷೆ ಬರೆದಿದ್ದ. ದೊಡ್ಡ ಹೊಟ್ಟೆಯ ಒಂದು ಪಾತ್ರೆ, ಅದರ ಬುಡಕ್ಕೊಂದು ನಲ್ಲಿ, ಪಕ್ಕದಲ್ಲಿ ಇನ್ನೊಂದು ಸಣ್ಣ ಪಾತ್ರೆ, ಎರಡರ ನಡುವೆ ಕೊಳವೆ. ಎಳೆಗಳು ಅವಳ ರಂಗೋಲಿಯಷ್ಟು ಸಣ್ಣಗಿರಲಿಲ್ಲ. ಅಲ್ಲಲ್ಲಿ ಪುಡಿ ಗುಪ್ಪೆಯಾಗಿ ಬಿದ್ದಿತ್ತು.

ಅದು ಎಂಬತ್ತಾರನೇ ಇಸವಿ. ದಸರಾ ಕಳೆದು ದೀಪಾವಳಿ ಹತ್ತಿರ ಬರುತ್ತಿತ್ತು. ವಿಜಯನಗರದ ಆ ಬೀದಿಯಲ್ಲಿ ಇವರದು ಹಿಂದಿನ ಬಾಡಿಗೆ ಮನೆ, ಮುಂದಿನ ಮನೆಯಲ್ಲಿ ಮನೆಯೊಡತಿ ಅಕ್ಕಯ್ಯಮ್ಮ. ಆಕೆ ಪೂಜೆಗೆ ದಾಸವಾಳ ಕೀಳಲು ಬಂದವರು ಕಣ್ಣು ಕಿರಿದು ಮಾಡಿ ನೋಡಿದರು.

“ಇದ್ಯಾವೂರ ರಂಗೋಲಿಯೇ ಪುಟ್ಟಲಕ್ಷ್ಮಿ? ಬಾಲ ಬೇರೆ ಇದೆ!”

“ಬಾಲ ಅಲ್ಲ ಅಕ್ಕಯ್ಯಮ್ನೋರೆ, ನಲ್ಲಿ,” ಎಂದು ಜಗನ್ನಾಥ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಹೊರಗೆ ಬಂದ. “ಹೊಂಗೆಣ್ಣೇಲಿ ಡೀಸೆಲ್ ಮಾಡೋ ಯಂತ್ರ.”

“ಹೊಂಗೆಣ್ಣೇಲಿ ನಾವು ದೀಪ ಹಚ್ತಿದ್ವಪ್ಪ. ನೀನೇನು ಬಸ್ಸು ಓಡಿಸ್ತೀಯಾ?”

“ಬಸ್ಸಲ್ಲ, ಪಂಪು. ಹೆಗ್ಗನಹಳ್ಳಿ ಮುನಿವೆಂಕಟಪ್ಪ ಇದಾನಲ್ಲ, ಅವನ ಬಾವಿ ಪಂಪಿಗೆ. ಅವನ ಬದುವಿನ ತುಂಬ ಹೊಂಗೆಮರ. ಎಣ್ಣೆ ಕಾಯ್ಸಿ ಅದರಲ್ಲಿರೋ ನೀರಿನಂಶನೆಲ್ಲ ಓಡಿಸ್ಬೇಕು. ಆಮೇಲೆ ಸ್ಪಿರಿಟ್ಟಲ್ಲಿ ಕಾಸ್ಟಿಕ್ ಸೋಡಾ ಕರಗ್ಸಿ ಹುಯ್ಯೋದು, ಚೆನ್ನಾಗಿ ಕಡೆಯೋದು, ಬಿಡೋದು. ಡೀಸೆಲ್ ಥರದ್ದು ಮೇಲೆ ನಿಲ್ಲುತ್ತೆ, ಗ್ಲಿಸರಿನ್ ತಳಕ್ಕೆ ಕೂರುತ್ತೆ. ನಲ್ಲಿ ತಿರುಗ್ಸಿ ತಳದ್ದನ್ನ ತೆಗೆದುಬಿಟ್ರೆ ಆಯ್ತು. ಒಂದೇ ಪಥ್ಯ, ಕಾಸ್ಟಿಕ್ ಹಾಕೋ ಮೊದಲು ನೀರು ಸೋಕಬಾರ್ದು. ಸೋಕ್ತೋ, ಎಲ್ಲಾ ಸೋಪಾಗಿ ಕೂತ್ಕೊಳುತ್ತೆ.”

“ಸೋಪಾದ್ರೆ ನಂಗೆ ಕೊಡಪ್ಪ. ಸೀರೆ ಒಗ್ಕೋತೀನಿ.”

ಜಗನ್ನಾಥ ನಕ್ಕ. ಆ ನಗುವನ್ನು ಪುಟ್ಟಲಕ್ಷ್ಮಿ ದೂರದ ಮನೆಯ ರೇಡಿಯೋ ಕೇಳಿದ ಹಾಗೆ ಕೇಳಿಸಿಕೊಂಡಳು. ಅವನು ನಕ್ಕು ಎಷ್ಟೋ ಕಾಲವಾಗಿತ್ತು.

“ಈ ದುಂಡಗಿರೋದು ಏನ್ರೀ?” ಎಂದಳು.

ಅವನು ಬಾಯಿ ಮುಕ್ಕಳಿಸಿ ಉಗುಳಿ ಬಂದು, “ನಮ್ಮ ಹಂಡೆ,” ಎಂದ. “ಅಲ್ಯೂಮಿನಿಯಮ್ಮಾದ್ರೆ ಕಾಸ್ಟಿಕ್ಕು ತಿಂದುಹಾಕುತ್ತೆ. ಡ್ರಮ್ಮಿಗೆ ತುಕ್ಕು. ತಾಮ್ರ ಒಳ್ಳೇದು. ಹೇಗೂ ಸುಮ್ನೆ ನಿಂತಿದೆಯಲ್ಲ. ಒಂದು ತೂತು ಕೊರೆಸಿ ನಲ್ಲಿ ಕೂರಿಸಿದ್ರೆ ಸಾಕು.”

“ಸರಿ,” ಎಂದಳು ಪುಟ್ಟಲಕ್ಷ್ಮಿ.

ಚೊಂಬಿನ ನೀರನ್ನು ದಾಸವಾಳದ ಬುಡಕ್ಕೆ ಹಾಕಿ, ಡಬ್ಬಿಯ ಮೂಲೆಯಲ್ಲಿ ಉಳಿದಿದ್ದ ಚಿಟಿಕೆ ಪುಡಿಯಲ್ಲಿ ಹೊಸ್ತಿಲಿನ ಮೇಲೆ ಎರಡೆಳೆ ಎಳೆದು ಒಳಗೆ ಹೋದಳು. ಒಲೆಯ ಮೇಲೆ ಅಕ್ಕಿ ಕುದಿಯುತ್ತಿತ್ತು.

ಆ ಹಂಡೆ ಅವಳ ತಾಯಿ ಕೊಟ್ಟದ್ದು. ಬಾಣಂತಿ ಮನೆಯಲ್ಲಿ ನೀರಿಗೆ ಬರ ಇರಬಾರದೆಂದು ಚೊಚ್ಚಲ ಹೆರಿಗೆಗೇ ಕೊಟ್ಟಿದ್ದರು. ಮಗಳು ಪಂಕಜಾ ಹುಟ್ಟಿದಾಗ ತಿಂಗಳುಗಟ್ಟಲೆ ಆ ಹಂಡೆಯ ಕೆಳಗಿನ ಬೆಂಕಿ ಆರಿರಲಿಲ್ಲ. ಈ ಸಲ ಆಷಾಢದಲ್ಲಿ ತಾಯಿ ಮತ್ತೆ ಬಂದು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಅದನ್ನು ಹೊಳೆಯುವಂತೆ ಮಾಡಿಟ್ಟಿದ್ದರು. ಗಂಡುಮಗು ಹುಟ್ಟಿತು. ಹೆಸರಿಡುವ ದಿನದ ನೀರಿಗೆಂದು ಸೌದೆ ಒಡೆಸಿ ಒಟ್ಟಿದ್ದೂ ಆಗಿತ್ತು. ಆ ದಿನ ಬರುವುದಕ್ಕೆ ಮೊದಲೇ ಮಗು ಹೋಯಿತು. ಆಸ್ಪತ್ರೆಯಿಂದ ಜಗನ್ನಾಥ ಬರಿಗೈಯಲ್ಲಿ ಬಂದ. ತೊಟ್ಟಿಲು ಅಟ್ಟಕ್ಕೆ ಹೋಯಿತು, ಸಣ್ಣ ಬಟ್ಟೆಗಳು ಯಾರದೋ ಮನೆಗೆ ಹೋದವು. ಹಾಲು ಬತ್ತಲೆಂದು ತಾಯಿ ಅವಳ ಎದೆಗೆ ಮಲ್ಲಿಗೆ ಮೊಗ್ಗು ಕಟ್ಟಿದರು. ಬಾಡಿದ್ದನ್ನು ಬಿಚ್ಚಿ ಹೊಸದು ಕಟ್ಟಿದರು. ಹಾಲು ಬತ್ತಿತು. ಮಲ್ಲಿಗೆಯ ವಾಸನೆ ಮಾತ್ರ ಮೂಗಿನಲ್ಲಿ ಕೂತುಬಿಟ್ಟಿತು. ಅಂದಿನಿಂದ ಪುಟ್ಟಲಕ್ಷ್ಮಿ ಮಲ್ಲಿಗೆ ಮುಡಿದಿಲ್ಲ, ಮಗಳಿಗೂ ಕನಕಾಂಬರವನ್ನೇ ಕೊಳ್ಳುತ್ತಾಳೆ.

ಹೆಸರಿಡದ ಕೂಸಿಗೆ ಮೈಲಿಗೆ ಇಲ್ಲ, ತಿಥಿ ಇಲ್ಲ, ಅಳುತ್ತ ಕೂರುವಂತಿಲ್ಲ ಎಂದು ಹಿರಿಯರೆಲ್ಲ ಹೇಳಿದರು. ಒಳ್ಳೆಯದಕ್ಕೇ ಹೇಳಿದರು. ಅವಳೂ ಅಳಲಿಲ್ಲ. ಅಳಬೇಕೆಂದು ಕೂತರೂ ಬರಲಿಲ್ಲ. ಬೆಳಿಗ್ಗೆ ಎದ್ದು ನೀರು ಹಿಡಿಯುವುದು, ಅನ್ನ ಬಸಿಯುವುದು, ಮಗಳಿಗೆ ಜಡೆ ಹಾಕುವುದು, ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆಗೆ ಸರದಿ ನಿಲ್ಲುವುದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹಂಡೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಸ್ಟವ್ವಿನ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಮಿಂದರು. ಮಗು ಬಂದು ಹೋಗಿತ್ತು ಎನ್ನುವುದಕ್ಕೆ ಆ ಮನೆಯಲ್ಲಿ ಉಳಿದಿದ್ದ ಗುರುತು ಆ ಹೊಳೆಯುವ ಹಂಡೆ ಒಂದೇ. ಈಗ ಅದಕ್ಕೂ ತೂತು.

ಪಂಕಜಾಗೆ ಎಂಟು ವರ್ಷ. ಆ ದಿನಗಳಲ್ಲಿ ಅವಳನ್ನು ಮೂಡಲಪಾಳ್ಯದ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ವಾಪಸು ಬಂದವಳು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತು ತೊಟ್ಟಿಲಿದ್ದ ಜಾಗವನ್ನು ನೋಡಿದಳು. ಅಟ್ಟ ನೋಡಿದಳು. ಅಮ್ಮನ ಮುಖ ನೋಡಿದಳು. ಏನೂ ಕೇಳಲಿಲ್ಲ. ಅವತ್ತು ಬಾಯಿಯವರೆಗೆ ಬಂದ ಮಾತು ಇನ್ನೂ ಅಲ್ಲೇ ಇದೆ ಎಂದು ಪುಟ್ಟಲಕ್ಷ್ಮಿಗೆ ಗೊತ್ತು. ಜಡೆ ಹೆಣೆಯುವಾಗ ಮಗಳು ಉಸಿರು ಎಳೆದುಕೊಂಡು, ತಡೆದು, ಬಿಡುತ್ತಿದ್ದಳು. ಕೇಳಿಬಿಟ್ಟರೆ ತಾನು ಏನು ಹೇಳಬೇಕು? ಕೇಳದೆಯೇ ಇದ್ದರೆ ಮಗು ಇತ್ತೆನ್ನುವುದೇ ಈ ಮನೆಯಿಂದ ಅಳಿಸಿಹೋಗುತ್ತದಲ್ಲ? ಟೇಪು ಬಿಗಿದು, “ಹೂಂ, ಹೋಗು,” ಎನ್ನುತ್ತಿದ್ದಳು.

ಹಾಗೆಂದು ಪಂಕಜಾ ಮಾತೇ ಆಡದ ಹುಡುಗಿಯಲ್ಲ. ಯಂತ್ರದ ವಿಷಯದಲ್ಲಿ ಅಪ್ಪನ ಜೀವ ತಿನ್ನುತ್ತಿದ್ದಳು. ಜಗನ್ನಾಥ ಪಾಲಿಟೆಕ್ನಿಕ್ಕಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಸಿಸ್ಟೆಂಟ್. ಮೇಷ್ಟ್ರೊಬ್ಬರು ಮಾತಿಗೆ ಹೇಳಿದ್ದನ್ನು ತಲೆಗೆ ಹಾಕಿಕೊಂಡು ಮೊದಲು ಹಾರ್ಲಿಕ್ಸ್ ಬಾಟಲಿಯಲ್ಲಿ ಮಾಡಿ ನೋಡಿದ್ದ. ಬಾಟಲಿ ಕಿಟಕಿಯಲ್ಲಿತ್ತು. ಮೇಲೆ ಜೇನಿನ ಬಣ್ಣ, ತಳದಲ್ಲಿ ಕಪ್ಪು ಕಾಫಿಯಂಥ ಗಷ್ಟು, ನಡುವೆ ಗೆರೆ ಕೊಯ್ದ ಹಾಗೆ.

“ಅಪ್ಪ, ಅದ್ಯಾಕೆ ಕೆಳಗೇ ಹೋಗುತ್ತೆ?”

“ಭಾರ ಕಣೇ, ಅದಕ್ಕೆ.”

“ಅಲ್ಲಾಡ್ಸಿದ್ರೆ ಮತ್ತೆ ಸೇರ್ಕೊಳುತ್ತಾ?”

“ಸ್ವಲ್ಪ ಹೊತ್ತು ಕದಡುತ್ತೆ. ಬಿಟ್ರೆ ಮತ್ತೆ ಬೇರೆ ಆಗುತ್ತೆ. ಮುಟ್ಬೇಡ. ಕಾಸ್ಟಿಕ್ಕು ಕೈ ಸುಡುತ್ತೆ.”

“ಎಷ್ಟು ಹೊತ್ತು ಬಿಡ್ಬೇಕು?”

“ಅದಕ್ಕೆ ತೋಚಿದಷ್ಟು. ನಾವು ಕಾಯ್ಬೇಕು ಅಷ್ಟೆ.”

ಅಪ್ಪ ಮಗಳು ಗಂಟೆಗಟ್ಟಲೆ ಹೀಗೆ ಮಾತಾಡುತ್ತಿದ್ದರು. ಕೇಳಬೇಕಾದ ಒಂದನ್ನು ಬಿಟ್ಟು ಅವಳು ನೂರು ಕೇಳುತ್ತಿದ್ದಳು. ಹೇಳಬೇಕಾದ ಒಂದನ್ನು ಬಿಟ್ಟು ಅವನು ನೂರಕ್ಕೂ ಉತ್ತರ ಕೊಡುತ್ತಿದ್ದ.

ಭಾನುವಾರ ಜಗನ್ನಾಥ ಹಂಡೆಯನ್ನು ಬಚ್ಚಲ ಒಲೆಯಿಂದ ಕಿತ್ತು, ಸೈಕಲ್ಲಿನ ಹಿಂದೆ ಗೋಣಿ ಹಾಸಿ ಕಟ್ಟಿ, ಮಾರ್ಕೆಟ್ ಬೀದಿಯ ಪಾತ್ರೆ ರಿಪೇರಿಯವನ ಹತ್ತಿರ ಒಯ್ದ. ಪುಟ್ಟಲಕ್ಷ್ಮಿ ಗೇಟಿನವರೆಗೆ ಹೋಗಿ ಹಂಡೆ ಬೀಳದಂತೆ ಹಗ್ಗ ಬಿಗಿಯಾಗಿ ಹಿಡಿದುಕೊಟ್ಟಳು. ಬೇಡ ಅನ್ನಬಹುದಾಗಿತ್ತು. ಅನ್ನಬೇಕೆಂದು ಅನ್ನಿಸಲಿಲ್ಲ. ಮಧ್ಯಾಹ್ನ ಹಂಡೆ ಬುಡದಲ್ಲಿ ಹಿತ್ತಾಳೆ ನಲ್ಲಿ ಕಚ್ಚಿಸಿಕೊಂಡು ಬಂತು. ಅವಳು ಚಪಾತಿ ಲಟ್ಟಿಸುತ್ತಿದ್ದಳು. ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಲಟ್ಟಿಸಿದಳು. ಹಂಡೆಯಿಂದ ಕೊರೆದು ತೆಗೆದ ತಾಮ್ರದ ಬಿಲ್ಲೆಯನ್ನು ಜಗನ್ನಾಥ ಮಗಳ ಕೈಗೆ ಆಟಕ್ಕೆಂದು ಕೊಟ್ಟ. ಪಂಕಜಾ ಅದರಲ್ಲಿ ಆಡಲಿಲ್ಲ. ಹುಣಿಸೆಹಣ್ಣು ಕೇಳಿ ಈಸಿಕೊಂಡು, ಹಿತ್ತಲಿನಲ್ಲಿ ಕೂತು ಅದನ್ನು ತಿಕ್ಕಿ ಫಳಫಳ ಮಾಡಿ ಲಂಗದ ಜೇಬಿಗೆ ಹಾಕಿಕೊಂಡಳು. ಹಾಗೆ ತಿಕ್ಕುವುದನ್ನು ಅವಳು ಅಜ್ಜಿಯನ್ನು ನೋಡಿ ಕಲಿತದ್ದು. ಪುಟ್ಟಲಕ್ಷ್ಮಿ ಕಿಟಕಿಯಿಂದ ಅದನ್ನೂ ನೋಡಿದಳು.

ದೀಪಾವಳಿಗೆ ರಜಾ ಬಂತು. ಮೊದಲ ದಿನವೇ ಮುನಿವೆಂಕಟಪ್ಪ ಸೈಕಲ್ಲಿಗೆ ಒಂದು ಡಬ್ಬ ಹೊಂಗೆಣ್ಣೆ ಕಟ್ಟಿಕೊಂಡು ಹೆಗ್ಗನಹಳ್ಳಿಯಿಂದ ತುಳಿದು ಬಂದ. ದೊಡ್ಡ ಆಳು, ಅದಕ್ಕಿಂತ ದೊಡ್ಡ ಗಂಟಲು.

“ಅಕ್ಕಾ, ಕೇಳುದ್ರಾ? ನಿಮ್ಮ ಯಜಮಾನ್ರು ಹಬ್ಬಕ್ಕೆ ನನ್ನ ಪಂಪಿಗೆ ಎಣ್ಣೆಸ್ನಾನ ಮಾಡಿಸ್ತಾರಂತೆ! ನಮ್ಮನೇವ್ಳು ಹೇಳಿ ಕಳ್ಸವ್ಳೆ, ಪಂಪೇನಾದ್ರೂ ಕೆಟ್ರೆ ಇವರನ್ನೇ ಕರ್ಕೊಂಡ್ ಬಂದು ಬಾವಿಗೆ ಇಳ್ಸಿ, ಕೊಡದಲ್ಲಿ ನೀರು ಸೇದ್ಲಿ ಅಂತ.”

“ಸೇದ್ತಾರೆ ಬಿಡಿ,” ಎಂದು ಪುಟ್ಟಲಕ್ಷ್ಮಿ ಕಾಫಿ ಕೊಟ್ಟಳು.

ಗಂಡಸರಿಬ್ಬರೂ ಬಚ್ಚಲಲ್ಲಿ ಇಟ್ಟಿಗೆ ಜೋಡಿಸಿ ಹಂಡೆ ಎತ್ತರಕ್ಕೆ ಕೂರಿಸಿದರು. ಎಣ್ಣೆಯನ್ನು ಹಳೆಯ ಪಂಚೆಯಲ್ಲಿ ಸೋಸಿ ಹುಯ್ದು, ಕೆಳಗೆ ಸಣ್ಣ ಉರಿ ಮಾಡಿದರು. ಒಟ್ಟಿಟ್ಟ ಸೌದೆಯಲ್ಲಿ ಮೊದಲ ನಾಲ್ಕು ತುಂಡು ಉರಿದದ್ದು ಹಾಗೆ. ಎಣ್ಣೆ ಚಟಚಟ ಸಿಡಿಯಿತು. ಸದ್ದು ನಿಂತ ಮೇಲೆ ಜಗನ್ನಾಥ ಕಿವಿಯಿಟ್ಟು ಕೇಳಿ, “ನೀರೆಲ್ಲ ಹೋಯ್ತು,” ಎಂದು ಉರಿ ಆರಿಸಿ, ಮುಚ್ಚಳ ಹಾಕಿದ. ಆರಿದ ಮೇಲೆ ನಾಳೆ ಬೆಳಿಗ್ಗೆ ಸ್ಪಿರಿಟ್ಟು ಸೇರಿಸುವುದು. ಸ್ಪಿರಿಟ್ಟು ಬಂದ ಮೇಲೆ ಮನೆಯಲ್ಲಿ ಬೆಂಕಿಕಡ್ಡಿಯನ್ನೂ ಗೀರಬಾರದು. ಅಕ್ಕಯ್ಯಮ್ಮನಿಗೂ ಹೇಳಿ ಬರಬೇಕು, ಪಟಾಕಿ ಆ ಕಡೆ ಹೊಡೆಯಲಿ ಎಂದು. ಕಡೆಯಲು ಅಕ್ಕಯ್ಯಮ್ಮನ ಮನೆಯ ಮದುವೆ ಕಾಲದ ದೊಡ್ಡ ಕಡಗೋಲನ್ನು ಇಸಿದುಕೊಂಡದ್ದೂ ಆಗಿತ್ತು. “ಬೆಣ್ಣೆ ಬಂದ್ರೆ ನಂಗೂ ಒಂದು ಮುದ್ದೆ ಇಡಪ್ಪ” ಎಂದು ಹೇಳಿಯೇ ಆಕೆ ಕೊಟ್ಟಿದ್ದರು.

“ಪುಟ್ಟೂ, ಈ ಕಡೆ ನೀರು ತರಬೇಡ, ಕೇಳ್ತಾ?” ಎಂದು ಹೇಳಿ ಜಗನ್ನಾಥ ಮುನಿವೆಂಕಟಪ್ಪನ ಜೊತೆ ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಗೆ ಹೊರಟ.

“ಹೂಂ,” ಎಂದಳು.

ಸಂಜೆ ಕರೆಂಟು ಹೋಯಿತು. ಅಕ್ಕಯ್ಯಮ್ಮ ಗೋಡೆಯಾಚೆಯಿಂದಲೇ ಕೂಗಿದರು. “ಪುಟ್ಟಲಕ್ಷ್ಮೀ, ಹಂಡೆಗೆ ನೀರು ತುಂಬ್ದ್ಯೇನೇ? ಹೊತ್ತು ಮುಳುಗ್ತಾ ಬಂತು. ಇವತ್ತು ಬರೀ ಹಂಡೆ ಬಿಡಬಾರ್ದಮ್ಮ.”

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ಹಂಡೆ ಬೆಳಗಿ, ಕೊರಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಮಟ್ಟ ನೀರು ತುಂಬಿ, ಗಂಗೆಯೆಂದು ಕೈಮುಗಿಯಬೇಕು. ಪುಟ್ಟಲಕ್ಷ್ಮಿ ತಾನು ಲಂಗ ಉಡುತ್ತಿದ್ದಾಗಿನಿಂದ ಮಾಡಿಕೊಂಡು ಬಂದದ್ದು. “ತುಂಬ್ತೀನಿ ಅಕ್ಕಯ್ಯಮ್ನೋರೆ,” ಎಂದು ಎದ್ದಳು.

ಹಂಡೆಯಲ್ಲಿ ಎಣ್ಣೆ ಇರುವುದು ಗೊತ್ತಿರಲಿಲ್ಲವೆಂದಲ್ಲ. ಸೌದೆ ಎತ್ತಿಕೊಟ್ಟವಳೇ ಅವಳು. ಆದರೆ ಗೊತ್ತಿದ್ದದ್ದು ಒಂದು ಕಡೆ ಇತ್ತು, ಕೈ ಇನ್ನೊಂದು ಕಡೆ. ಸುಣ್ಣ ಕಲಸಿದಳು, ಕೆಮ್ಮಣ್ಣು ಕಲಸಿದಳು, ಹಂಡೆಯ ಕೊರಳಿಗೆ ಬೆರಳಿನಿಂದ ಬಿಳಿ ಪಟ್ಟೆ, ಕೆಂಪು ಪಟ್ಟೆ ಎಳೆದಳು. ಕುಂಕುಮವಿಟ್ಟಳು. ಚೆಂಡುಹೂವಿನ ಸರ ಸುತ್ತಿದಳು. ಪಂಕಜಾ ಸೀಮೆಎಣ್ಣೆ ಬುಡ್ಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಾಯಿ ಮುಚ್ಚಳ ತೆಗೆದು ಮೊದಲ ಕೊಡ ಬಗ್ಗಿಸಿದಳು.

ಬರಿಯ ತಾಮ್ರಕ್ಕೆ ನೀರು ಬಿದ್ದರೆ ಗಣಗಣ ಎನ್ನಬೇಕು. ಅದು ಅನ್ನಲಿಲ್ಲ. ಮೆತ್ತಗೆ ಗುಳುಂ ಎಂದಿತು. ಕಿವಿ ಅದನ್ನು ಕೇಳಿತು, ಕೈ ನಿಲ್ಲಲಿಲ್ಲ. ಎರಡನೆಯ ಕೊಡ ಬಿತ್ತು, ಅದರ ಮೇಲೊಂದು. ಹೊಂಗೆಯ ಕಹಿ ವಾಸನೆ ಮೇಲೆದ್ದು ಬಂತು. ತಿಂಗಳುಗಳಿಂದ ಮೂಗಿನಲ್ಲಿ ಕೂತಿದ್ದ ಮಲ್ಲಿಗೆಯನ್ನು ಒಂದು ಗಳಿಗೆ ಅದು ಪಕ್ಕಕ್ಕೆ ತಳ್ಳಿತು. ಹಂಡೆ ಕಂಠಮಟ್ಟ ತುಂಬಿದ ಮೇಲೆ ಅವಳು ಕೊಡ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿ, ಕೈಮುಗಿಯಲು ಬಗ್ಗಿದಳು. ಬುಡ್ಡಿಯ ಬೆಳಕಿನಲ್ಲಿ ಹಂಡೆಯ ಬಾಯಿ ಚಿನ್ನದ ತಟ್ಟೆಯ ಹಾಗೆ ಮಿರುಗುತ್ತಿತ್ತು. ಎಣ್ಣೆ.

ಪಂಕಜಾ ಉಸಿರು ಎಳೆದುಕೊಂಡಳು. ಒಂದು ಹನಿಯೂ ಸೋಕಬಾರದೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅವಳು ಅಮ್ಮನ ಮುಖ ನೋಡಿ ಉಸಿರು ಹಾಗೇ ಬಿಟ್ಟಳು. ಬುಡ್ಡಿ ಕೆಳಗಿಟ್ಟು ತಾನೂ ಹಂಡೆಗೆ ಕೈಮುಗಿದಳು.

ಜಗನ್ನಾಥ ಬಂದಾಗ ಇಬ್ಬರೂ ಬಚ್ಚಲ ಹೊಸ್ತಿಲಿನ ಮೇಲೆ ಕೂತಿದ್ದರು. ಅವನು ಸ್ಪಿರಿಟ್ಟಿನ ಬಾಟಲಿಯನ್ನು ದೂರ ಹಿತ್ತಲಲ್ಲಿಟ್ಟು, ಟಾರ್ಚು ಹಾಕಿ ಹಂಡೆ ನೋಡಿದ. ಪಟ್ಟೆ ನೋಡಿದ, ಕುಂಕುಮ ನೋಡಿದ, ಬಾಯಿಯವರೆಗೆ ಎದ್ದು ನಿಂತ ಎಣ್ಣೆ ನೋಡಿದ. ಹಿಂದೆ ಬಂದ ಮುನಿವೆಂಕಟಪ್ಪ, “ಅಯ್ಯೋ ಶಿವನೇ,” ಎಂದವನು ಮುಂದೆ ಏನೋ ತಮಾಷೆ ಹೇಳಲು ಹೋಗಿ, ನುಂಗಿಕೊಂಡು, “ನಾ ಬರ್ತೀನಿ ಸಾರ್, ಕತ್ಲಾಯ್ತು,” ಎಂದು ಸೈಕಲ್ ತಿರುಗಿಸಿದ.

ಪುಟ್ಟಲಕ್ಷ್ಮಿ ಬೈಗುಳಕ್ಕೆ ಕಾದಳು. ಬೈದರೆ ಒಳ್ಳೆಯದೆಂದೂ ಅನ್ನಿಸಿತು.

“ಹಾಗೇ ಬಿಡು,” ಎಂದ ಜಗನ್ನಾಥ. “ಕಾಸ್ಟಿಕ್ ಇನ್ನೂ ಹಾಕಿಲ್ಲವಲ್ಲ. ಬೆಳಿಗ್ಗೆ ನೋಡೋಣ.”

ಬೆಳಿಗ್ಗೆ ಬೀದಿಯಲ್ಲೆಲ್ಲ ಪಟಾಕಿ. ಎಲ್ಲರ ಮನೆಯ ಬಚ್ಚಲಿನಿಂದಲೂ ಹೊಗೆ ಏಳುತ್ತಿತ್ತು. ಇವರ ಮನೆಯಲ್ಲಿ ಮೂವರೂ ಮೀಯದೆ ಹಂಡೆಯ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಜಗನ್ನಾಥ ನಲ್ಲಿಯ ಕೆಳಗೆ ಬಕೆಟ್ಟಿಟ್ಟು, ಮೆಲ್ಲಗೆ ತಿರುಗಿಸಿದ. ನೀರು ಬಂತು. ತಿಳಿಯಾದ ನೀರು, ಒಂದು ಎಳೆ ಎಣ್ಣೆ ಸೇರಿಲ್ಲ.

“ನೋಡು, ನೀರು ಭಾರ, ಕೆಳಗಿದೆ. ಎಣ್ಣೆ ಮೇಲಿದೆ,” ಎಂದ. “ನೀರೆಲ್ಲ ಇಳಿದ್ಮೇಲೆ ಎಣ್ಣೆ ಇನ್ನೊಂದ್ಸಲ ಕಾಯ್ಸಿದ್ರಾಯ್ತು. ನಲ್ಲಿ ಇಟ್ಟಿದ್ದಕ್ಕೆ ಬಚಾವು.”

ಬಕೆಟ್ಟು ತುಂಬಿತು. ಪುಟ್ಟಲಕ್ಷ್ಮಿ ಅದನ್ನು ಪಕ್ಕಕ್ಕೆ ಎಳೆದು ಇನ್ನೊಂದು ಇಟ್ಟಳು. ಹಂಡೆಯಿಂದ ನೀರು ಬೀಳುವ ಸದ್ದನ್ನು ಅವಳು ಬೇಸಿಗೆಯ ನಂತರ ಕೇಳಿರಲಿಲ್ಲ.

“ನಿನ್ನೆ ಏನು ದಿನ ಅಂತ ನಂಗೂ ನೆನಪೇ ಬರ್ಲಿಲ್ಲ ಕಣೇ,” ಎಂದ ಜಗನ್ನಾಥ, ನಲ್ಲಿಯನ್ನೇ ನೋಡುತ್ತ. “ಎಲ್ಲಾ ಯೋಚಿಸಿದ್ದೆ. ಕೊಳವೆ ಯೋಚಿಸಿದ್ದೆ, ವಾಷರ್ ಯೋಚಿಸಿದ್ದೆ. ಇದೊಂದು ಬಿಟ್ಹೋಯ್ತು.”

ಹಂಡೆಯ ಕೆಳಗಿನ ಇಟ್ಟಿಗೆಯೊಂದನ್ನು ಒತ್ತಿ ಕೂರಿಸುತ್ತ, “ಅದು ಬರಿದಾಗಿ ನಿಂತಿತ್ತಲ್ಲ,” ಎಂದ. “ದಿನಾ ಮುಖ ತೊಳ್ಯಕ್ಕೆ ಬಂದ್ರೆ ಎದುರಿಗೇ. ಏನಾದ್ರೂ ತುಂಬ್ಸೋಣ ಅನ್ನಿಸ್ತು.”

ಪುಟ್ಟಲಕ್ಷ್ಮಿ ಅವನ ಕಡೆ ನೋಡಿದಳು. ಅವನ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಆಷಾಢದಲ್ಲಿ ಹಾಗಿರಲಿಲ್ಲ. ಏನೋ ಹೇಳಬೇಕೆನ್ನಿಸಿತು. ಬಾಯಿಗೆ ಬಂದದ್ದು, “ಬಕೆಟ್ಟು ತುಂಬ್ತು ನೋಡಿ,” ಎಂಬುದಷ್ಟೆ.

ಅವನು ನಲ್ಲಿ ಸಣ್ಣಗೆ ಮಾಡಿದ. ಈಗ ನೀರು ದಾರದಂತೆ ಬೀಳುತ್ತಿತ್ತು. ಯಾವಾಗ ನೀರು ಮುಗಿದು ಎಣ್ಣೆ ತಲೆ ಹಾಕುವುದೋ ಎಂದು ಮೂವರೂ ಅದನ್ನೇ ನೋಡುತ್ತಿದ್ದರು. ಕೊರಳಿನ ಬಿಳಿ ಪಟ್ಟೆ, ಕೆಂಪು ಪಟ್ಟೆ ಒಣಗಿ ಗಟ್ಟಿಯಾಗಿದ್ದವು. ಪಂಕಜಾ ಜೇಬಿನಿಂದ ತಾಮ್ರದ ಬಿಲ್ಲೆ ತೆಗೆದು, ನಲ್ಲಿಯ ನೀರಿಗೆ ಒಮ್ಮೆ ಹಿಡಿದು ತೊಳೆದು, ಅಂಗೈಯಲ್ಲಿಟ್ಟುಕೊಂಡಳು. ಉಸಿರು ಎಳೆದುಕೊಂಡಳು. ತಡೆದಳು.

ಪುಟ್ಟಲಕ್ಷ್ಮಿಗೆ ಅದು ಕೇಳಿಸಿತು. ಈ ಸಲ ಅವಳು ಎದ್ದುಹೋಗಲಿಲ್ಲ. “ಹೂಂ, ಹೋಗು,” ಎನ್ನಲೂ ಇಲ್ಲ. ಒದ್ದೆ ಕೈಯನ್ನು ಮಗಳ ಬೆನ್ನಿನ ಮೇಲೆ ಇಟ್ಟಳು.

“ಅಮ್ಮಾ,” ಎಂದಳು ಪಂಕಜಾ. “ಪಾಪುಗೆ ಏನಂತ ಹೆಸರಿಡ್ಬೇಕು ಅಂತಿದ್ರಿ?”